ಒಬ್ಬಾಕಿನೇ ಸಮುದ್ರಕ್ಕ ಹೋದದ್ದು

ನಾನು ಗಂಭೀರವಾಗಿ ಕೈಹಾಕಿದ ಯಾವ ಕೆಲಸವೂ ನಗೆಪಾಟಲಾಗದೆ ಮುಗಿದದ್ದು ನನಗಂತೂ ನೆನಪಿಲ್ಲ. ಭಾಲ್ಕಿಯ ಹೈಸ್ಕೂಲೊಂದರಲ್ಲಿ ಭೂಗೋಳ ಕಲಿಸುತ್ತೇನೆ. ಮನೆ ಬೀದರಿನ ನೌಬಾದದಲ್ಲಿ. ಇಪ್ಪತ್ತೊಂದು ವರ್ಷ ಬೋರ್ಡಿನ ಮೇಲೆ ಕರಾವಳಿಯ ಗೆರೆ ಎಳೆದಿದ್ದೇನೆ, ಸಮುದ್ರ ಮಾತ್ರ ನೋಡಿರಲಿಲ್ಲ. ಹೋದ ವರ್ಷ ದಸರಾ ರಜೆಗೆ ಹಳೇ ಕಾರಿನಲ್ಲಿ ಡೇರೆ, ಸ್ಟೋವ್, ಜೋಳದ ರೊಟ್ಟಿಯ ಗಂಟು ಹಾಕಿಕೊಂಡು, ಅಂಕೋಲಾದಿಂದ ಮರವಂತೆಯವರೆಗೆ ಸಮುದ್ರದ ದಂಡೆ ಹಿಡಿದು ಹೋಗಿಬರಬೇಕೆಂದು ಗಟ್ಟಿ ಮಾಡಿದೆ. ಒಬ್ಬಳೇ. ಯಾಕೆಂದರೆ ನನ್ನ ಗಂಡನಿಗೆ ಕಾರು ಹುಮನಾಬಾದ ದಾಟಿದರೆ ವಾಂತಿ ಶುರುವಾಗುತ್ತದೆ.

೧. ರಾಜಿ ಪಂಚಾಯ್ತಿ

ಸ್ಟಾಫ್ ರೂಮಿನಲ್ಲಿ ವಿಷಯ ಹೇಳಿದೆ. ಹಿಂದಿ ಮೇಡಂ ಊಟದ ಡಬ್ಬಿ ಮುಚ್ಚಿ, "ಯಾರ ಜೋಡಿ ಹೊಂಟೀರಿ?" ಅಂದರು.

"ಒಬ್ಬಾಕಿನೇ ರಿ."

"ಯಾಕ್ರಿ, ಮನ್ಯಾಗೇನರೆ ಆಗ್ಯಾದೇನು?"

ಏನೂ ಆಗಿಲ್ಲ ಅಂದೆ. ನಮ್ಮ ಸ್ಟಾಫ್ ರೂಮಿನಲ್ಲಿ 'ಏನೂ ಆಗಿಲ್ಲ' ಅಂದರೆ ಭಾಳ ಆಗಿದೆ ಅಂತಲೇ ಅರ್ಥ. ಸಂಜೆ ನಾನು ಬಸ್ಸಿನಲ್ಲಿ ಬಂದೆ, ಸುದ್ದಿ ಫೋನಿನಲ್ಲಿ ಬಂದಿತ್ತು. ಓಣಿಯ ಇಬ್ಬರು ಹಿರಿಯ ಹೆಂಗಸರು ನನ್ನ ಗಂಡನನ್ನು ಎದುರಿಗೆ ಕೂಡಿಸಿಕೊಂಡು ರಾಜಿಗೆ ಕೂತಿದ್ದರು. ಆತ ಕೈಮುಗಿದು, "ನಾ ಏನೂ ಅಂದಿಲ್ರಿ. ಆಕಿಗಿ ಸಮುದ್ರ ನೋಡೋದದ, ಅಷ್ಟೇ" ಅನ್ನುತ್ತಿದ್ದ.

ಅವರಲ್ಲಿ ದೊಡ್ಡವರು ದನಿ ತಗ್ಗಿಸಿದರು. "ಸಮುದ್ರ ನೋಡ್ಲಕ್ಕ ಯಾರರೆ ಒಬ್ಬಾಕಿ ಹೋಗ್ತಾಳೇನಪಾ? ಖರೇ ಹೇಳು. ಆ ಇನ್ನೊಬ್ಬಾಕಿ ಯಾರು?"

ಇಪ್ಪತ್ತು ವರ್ಷದ ಸಂಸಾರದಲ್ಲಿ ನನ್ನ ಗಂಡ ಅಷ್ಟು ಖುಷಿಯಿಂದ ನಾಚಿಕೊಂಡದ್ದನ್ನು ನಾನು ನೋಡಿರಲಿಲ್ಲ.

೨. ಕ್ಯಾಂಪ್

ಡೇರೆ ಹಾಕುವುದನ್ನು ಕಲಿಯಬೇಕಿತ್ತಲ್ಲ, ಒಂದು ಭಾನುವಾರ ಔರಾದ ತಾಲೂಕಿನ ಸಂತಪುರಕ್ಕೆ ಹೋದೆ. ಅಲ್ಲಿ ನಮ್ಮ ಅಕ್ಕನ ಹೊಲ ರೋಡಿಗೇ ಹತ್ತಿಕೊಂಡಿದೆ. ಹೋಗುವವರು ಬರುವವರು ಕೇಳಿದಾಗೆಲ್ಲ, "ಕ್ಯಾಂಪ್ ಹಾಕ್ಲತ್ತೀನ್ರಿ" ಎಂದು ಸಂಭ್ರಮದಿಂದ ಹೇಳಿದೆ. ತಪ್ಪಾದದ್ದು ಅಲ್ಲೇ.

ಡೇರೆಯ ಕೋಲು ಸಿಕ್ಕಿಸಿ ತಲೆ ಎತ್ತುವಷ್ಟರಲ್ಲಿ ಹನ್ನೊಂದು ಮಂದಿ ಸಾಲಾಗಿ ಕೂತಿದ್ದರು. ಮುಂದೆ ಕೂತಿದ್ದ ಅಜ್ಜ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಡೇರೆಯ ಮೇಲಿನ ದೊಡ್ಡ ಅಕ್ಷರಗಳ ಕಡೆ ಬೆರಳು ತೋರಿಸಿ, "ಇದೇನು ಓದೋದು?" ಅಂದ.

"ಮುತ್ಯಾ, ಇದು ಕಣ್ಣಿನ ಕ್ಯಾಂಪ್ ಅಲ್ಲೋ. ನಾ ಒಳಗ ಮಲಗೋ ಡೇರೆ ಇದು."

ಆತ ಇನ್ನೊಂದು ಕಣ್ಣನ್ನೂ ಬಿಟ್ಟು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. "ಇರ್ಲಿ ಬಿಡು. ಅಷ್ಟು ದೂರದಿಂದ ನಡಕೋತ ಬಂದೀನಿ, ಬಿ.ಪಿ. ಆದ್ರೂ ನೋಡಿ ಕಳಸು."

ಬಿಸಿಲಲ್ಲಿ ಬಂದಿದ್ದಾನೆ, ಪಾಪ ಅನಿಸಿತು. ಸುಮ್ಮನೆ ಮಣಿಕಟ್ಟು ಹಿಡಿದು, "ಚಾ ಕಮ್ಮಿ ಮಾಡು ಮುತ್ಯಾ" ಅಂದೆ. ವಾರದ ಮೇಲೆ ಅಕ್ಕ ಫೋನ್ ಮಾಡಿದಳು: "ಮುತ್ಯಾಗ ಈಗ ನಿದ್ದಿ ಚಲೋ ಬರ್ಲತ್ತದಂತ. ಮಂಡಿ ನೋವಿನವರು ಬಂದು ಕುಂತಾರ, ಡಾಕ್ಟರಬಾಯಿ ಯಾವಾಗ ಬರ್ತಾರ ಅಂತ ಕೇಳ್ಲತ್ತಾರ."

೩. ಶುದ್ಧ ಕನ್ನಡ

ಅಂತೂ ಹೊರಟೆ. ಕುಮಟಾದ ಹತ್ತಿರ ಒಂದು ಅಂಗಡಿಯ ಮುಂದೆ ಕಾರು ನಿಲ್ಲಿಸಿ, "ಅಣ್ಣಾರ, ಥೋಡೆ ಉಪ್ಪ ಕೊಡ್ರಿ. ಜರಾ ಜಲ್ದಿ" ಅಂದೆ.

ಅಂಗಡಿಯವರು ಹಿಂದಿಯಲ್ಲಿ ಶುರು ಮಾಡಿದರು. "ನಾನು ಕನ್ನಡದಾಕಿನೇ ರಿ" ಅಂದೆ. ಅವರು ನಕ್ಕು ಮತ್ತೆ ಹಿಂದಿಯಲ್ಲೇ ದರ ಹೇಳಿದರು. ನನಗೂ ಹಟ ಬಂತು. ಪಾಠ ಮಾಡುವಾಗಿನ ಗಂಟಲು ಸರಿಪಡಿಸಿಕೊಂಡು, ಪುಸ್ತಕದ ಕನ್ನಡದಲ್ಲಿ ಕರಾವಳಿಯ ಹವಾಮಾನ, ಮಣ್ಣು, ಮುಖ್ಯ ಬೆಳೆಗಳ ಮೇಲೆ ಐದು ನಿಮಿಷ ಮಾತಾಡಿದೆ.

ಅಂಗಡಿಯವರ ಮುಖ ಅರಳಿತು. ಒಳಗಿದ್ದ ಹೆಂಡತಿಯನ್ನೂ ಕರೆದು ನನ್ನನ್ನು ತೋರಿಸಿ, "ಅಬ್ಬ, ಎಷ್ಟು ಚಂದ ಮಾತಾಡ್ತಾರೆ ನೋಡು!" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಕನ್ನಡ ಕಲಿಯೋಕೆ ಎಷ್ಟು ತಿಂಗಳು ಹಿಡೀತು ನಿಮಗೆ?"

೪. ನಾಲ್ಕು ಮಾರ್ಕಿನ ಪ್ರಶ್ನೆ

ಹೊನ್ನಾವರ ದಾಟಿದ ಮೇಲೆ ಒಂದು ಚಂದದ ದಂಡೆ ಸಿಕ್ಕಿತು. ನೀರಿಗೆ ಹತ್ತೇ ಹೆಜ್ಜೆ ದೂರದಲ್ಲಿ ಡೇರೆ ಹಾಕಿದೆ. ಬಲೆ ಬಿಡಿಸುತ್ತಾ ಕೂತಿದ್ದ ಮೀನುಗಾರ ಹೆಂಗಸೊಬ್ಬಳು, "ಅಲ್ಲಿ ಬೇಡ ಅಕ್ಕಾ, ಸಂಜೆಗೆ ನೀರು ಬರ್ತದೆ" ಅಂದಳು.

"ನಾ ಭೂಗೋಳ ಕಲಸ್ತೀನ್ರಿ" ಅಂದೆ. ಆಕೆ ಬಲೆಯ ಕಡೆ ತಿರುಗಿದಳು.

ಸೂರ್ಯ ಮುಳುಗುವುದನ್ನು ನೋಡುತ್ತಾ ಮೈಮರೆತಿದ್ದೆ. ಕಾಲಿಗೆ ತಣ್ಣಗೆ ಏನೋ ಹತ್ತಿತು. ಕೆಳಗೆ ನೋಡಿದರೆ ರೊಟ್ಟಿಯ ಗಂಟು ಪಶ್ಚಿಮಕ್ಕೆ ಹೊರಟಿತ್ತು, ಒಂದು ಚಪ್ಪಲಿ ಅದರ ಮುಂದೆ. ಆಕೆ ಓಡಿಬಂದು ಡೇರೆಯ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಸೇರಿ ಮೇಲೆ ಎಳೆದು ಹಾಕಿದೆವು.

'ಉಬ್ಬರವಿಳಿತ ಎಂದರೇನು?' ಅನ್ನುವುದಕ್ಕೆ ಚಿತ್ರಸಮೇತ ಉತ್ತರ ಬರೆಯದ ಮಕ್ಕಳಿಗೆಲ್ಲ ನಾನು ಸೊನ್ನೆ ಹಾಕಿದ್ದೇನೆ. ಅವತ್ತು ಚಿತ್ರಸಮೇತ ನನಗೇ ಸೊನ್ನೆ ಬಿತ್ತು.

೫. ಪುಣ್ಯ

ಮರುದಿನ ಬೆಳಗ್ಗೆ ಗದ್ದಲಕ್ಕೆ ಎಚ್ಚರವಾಯಿತು. ಮೂವತ್ತು ನಲವತ್ತು ಮಂದಿ ಎರಡು ಸಾಲಾಗಿ ನಿಂತು, ಸಮುದ್ರದೊಳಗೆ ಬಿಟ್ಟಿದ್ದ ದೊಡ್ಡ ಬಲೆಯ ಹಗ್ಗ ಎಳೆಯುತ್ತಿದ್ದರು. ನಿನ್ನೆಯ ಹೆಂಗಸು ಕೂಗಿದಳು: "ಹೋಯ್ ಅಕ್ಕಾ, ಎಂತ ನೋಡ್ತಾ ನಿಂತ್ರಿ? ಹಗ್ಗ ಹಿಡೀರಿ!"

ನಮ್ಮದು ಲಿಂಗ ಕಟ್ಟಿಕೊಂಡ ಮನೆ. ಅತ್ತೆಯವರ ಮುಂದೆ ಕೋಳಿತತ್ತಿಯ ಹೆಸರು ಎತ್ತಿದರೂ ಬಾಯಿ ತೊಳೆಯಬೇಕು. ಆದರೆ ಡೇರೆ ಉಳಿಸಿದಾಕೆ ಕರೆದರೆ ಹ್ಯಾಗೆ ಒಲ್ಲೆ ಅನ್ನುವುದು? ಹಿಡಿದೆ. ಎರಡು ನಿಮಿಷವಾಗಿರಲಿಲ್ಲ, ಅತ್ತೆಯವರ ಫೋನ್ ಬಂತು. ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಒತ್ತಿಕೊಂಡೆ.

"ಏನ್ ಮಾಡ್ಲತ್ತಿ?"

"ಹಗ್ಗ ಜಗ್ಗಲತ್ತೀನ್ರಿ ಅತ್ತಿ. ಊರ ಮಂದಿಯೆಲ್ಲಾ ಕೂಡಿ ನೀರಾಗಿಂದ ಮ್ಯಾಲ ತರ್ಲತ್ತಾರ. ನಾನೂ ಕೈ ಹಚ್ಚೀನಿ."

"ಅಯ್ಯ ಶಿವನೇ! ಜೀವ ಅದಾವಿಲ್ಲ ಪಾಪ?"

ಬಲೆಯ ಕಡೆ ನೋಡಿದೆ. "ಅದಾವ್ರಿ. ಇನ್ನೂ ಒದ್ದಾಡ್ಲತ್ತಾವ."

ಒಂದಕ್ಷರ ಸುಳ್ಳು ಹೇಳಲಿಲ್ಲ. ಅತ್ತೆಯವರ ತವರು ಔರಾದ ಕಡೆಯದು. ಅಲ್ಲಿ ಎಮ್ಮೆ ಬಾವಿಗೆ ಬಿದ್ದರೆ ಊರೇ ಹಗ್ಗ ಹಿಡಿಯುತ್ತದೆ. ಅವರ ಕಣ್ಣ ಮುಂದೆ ಅದೇ ಬಂದಿರಬೇಕು.

"ಮೂಕ ಪ್ರಾಣಿ ಉಳಸೋದು ಭಾಳ ದೊಡ್ಡ ಕೆಲಸ. ಗಟ್ಟಿ ಹಿಡಿದು ಜಗ್ಗು. ನನ್ನ ಹೆಸರ ಮ್ಯಾಲೂ ನಾಕು ಹೆಜ್ಜಿ ಜಗ್ಗು, ಪುಣ್ಯ ಬರ್ತದ. ಒಂದೂ ಬಿಡಬ್ಯಾಡ ನೋಡು ಮತ್ತ!"

"ಹೂಂ ರಿ."

"ಇನ್ನೆರಡು ದಿನ ಬೇಕಾದ್ರ ಇದ್ದೇ ಬಾ. ಅಲ್ಲಿ ನಿನ್ನಂಥಾಕಿ ಬೇಕು."

ಹಿರಿಯರ ಮಾತು ಮೀರಬಾರದು. ಅವರ ಹೆಸರಿನಲ್ಲಿ ಎಣಿಸಿ ನಾಲ್ಕು ಹೆಜ್ಜೆ ಎಳೆದೆ. ಬಲೆ ದಂಡೆಗೆ ಬಂದದ್ದೇ ಮರಳೆಲ್ಲ ಬೆಳ್ಳಿಯಾಗಿ ಹೊರಳಾಡತೊಡಗಿತು. ಮುಂದಿದ್ದ ಮುದುಕ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಹಾರಿಸಿದ.

"ಈ ವರ್ಷದಲ್ಲೇ ಇಷ್ಟು ಮೀನು ಬಿದ್ದಿರ್ಲಿಲ್ಲ ಮಾರಾಯ್ತಿ! ಎಂಥಾ ಕೈಗುಣ ನಿಮ್ಮದು!"

"ನಂದಲ್ರಿ ಯಜಮಾನ್ರ," ಅಂದೆ. "ನಮ್ಮ ಅತ್ತಿಯವರದು."