ಪಾಠ ಮಾಡಿದವರಿಗೆ ಕುರ್ಚಿ ಇಲ್ಲ

ಕಂಪ್ಲಿಯ ಧಾನ್ಯಲಕ್ಷ್ಮಿ ವಿದ್ಯಾಸಂಸ್ಥೆಯಲ್ಲಿ ಪ್ರಾಂಶುಪಾಲರಾಗುವವರಿಗೆ ಪಾಠ ಮಾಡಿದ ಅನುಭವ ಇರಕೂಡದು. ಇದು ಸಂಸ್ಥೆಯ ನಿಯಮ. ಪೋಷಕರಾಗಲಿ, ತಪಾಸಣೆಗೆ ಬಂದ ಅಧಿಕಾರಿಗಳಾಗಲಿ ಇದುವರೆಗೆ ಆಕ್ಷೇಪಿಸಿದ್ದಿಲ್ಲ. ಅಧಿಕಾರಿಗಳು ಹೊರಡುವಾಗ ಜೀಪಿಗೊಂದು ಮೂಟೆ ಸೋನಾ ಮಸೂರಿ ಹಾಕಬೇಕೆಂಬುದೂ ಅದೇ ನಿಯಮಾವಳಿಯಲ್ಲಿದೆ.

ಮೊದಲ ಪ್ರಾಂಶುಪಾಲರು ಅಧ್ಯಕ್ಷ ಉಜ್ಜಿನಪ್ಪನವರ ಅಕ್ಕಿ ಮಿಲ್ಲಿನಲ್ಲಿ ತೂಕ ನೋಡುತ್ತಿದ್ದವರು. ಎರಡನೆಯವರಾದ ಹೊನ್ನೂರುಸ್ವಾಮಿ ಸಂಡೂರಿನ ಗಣಿಯೊಂದರಲ್ಲಿ ಲಾರಿಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಗಣಿ ನಿಂತ ಮೇಲೆ ಇಲ್ಲಿಗೆ ಬಂದು ಮಕ್ಕಳನ್ನು ನಿಲ್ಲಿಸಿದರು. ಗಣಿ ಮತ್ತೆ ಶುರುವಾಯಿತು, ಅವರು ಲಾರಿಗಳ ಕಡೆ ಮರಳಿದರು, ಕುರ್ಚಿ ಖಾಲಿ ಬಿತ್ತು.

ಗಣಿತದ ಸುಕನ್ಯಾ ಟೀಚರ್ ಆ ಕುರ್ಚಿಯ ಮೇಲೆ ಕಣ್ಣಿಟ್ಟದ್ದು ಅಧಿಕಾರಕ್ಕಲ್ಲ, ಗಂಟಲಿಗೆ. ಶಾಲೆ ನಡೆಯುವುದು ಮಿಲ್ಲಿನ ಹಳೇ ಗೋದಾಮಿನಲ್ಲಿ. ಗೋಡೆಯಾಚೆ ಭತ್ತ ಸುಲಿಯುವ ಯಂತ್ರ, ಈಚೆ ಒಂಬತ್ತನೇ ತರಗತಿ. ಯಂತ್ರಕ್ಕಿಂತ ಜೋರಾಗಿ ಕೂಗಿದರಷ್ಟೇ ಪಾಠ ಹಿಂದಿನ ಬೆಂಚು ಮುಟ್ಟುತ್ತದೆ. ವರ್ಷಗಟ್ಟಲೆ ಹೀಗೆ ಕೂಗಿದ ಮೇಲೆ, ಇನ್ನೂ ಕೂಗಿದರೆ ದನಿಯೇ ಹೋಗುತ್ತದೆ ಎಂದು ಹೊಸಪೇಟೆಯ ಡಾಕ್ಟರು ಹೇಳಿಬಿಟ್ಟಿದ್ದರು. ಇಡೀ ಶಾಲೆಯಲ್ಲಿ ಸದ್ದಿಲ್ಲದ ಜಾಗವೆಂದರೆ ಅಂಗಳದಾಚೆ ಗಾಜಿನ ಬಾಗಿಲಿರುವ ಪ್ರಾಂಶುಪಾಲರ ಕೋಣೆಯೊಂದೇ.

"ಕುಂದ್ರಿ ಟೀಚರ್ರೇ," ಎಂದರು ಉಜ್ಜಿನಪ್ಪನವರು, ಕುರ್ಚಿ ಕೇಳಲು ಬಂದ ಆಕೆಗೆ. "ನೀವು ಪಾಠ ಹೆಂಗ ಮಾಡ್ತೀರಿ?"

"ಚಲೋ ಮಾಡ್ತೀನಂತಾರ್ರಿ ಸಾವ್ಕಾರ್ರೇ."

"ಅಲ್ಲೇ ಬಂತು ನೋಡ್ರಿ ತೊಡಕು. ಚಲೋ ಮೂಟೆ ಹೊರೋ ಹಮಾಲನ್ನ ಗಾದಿ ಮ್ಯಾಲ ಕುಂದ್ರಿಸಿದ್ರ, ಮೂಟೆ ಹೊರೋರು ಯಾರು?"

"ಕೆಟ್ಟದಾಗಿ ಮಾಡಿದ್ರ ಕೊಡ್ತೀರೇನ್ರಿ?"

ಉಜ್ಜಿನಪ್ಪನವರು ನ್ಯಾಯವಂತರು. ಅಂದೇ ಸುತ್ತೋಲೆ ಹೊರಟಿತು: 'ಸದರಿ ಶಿಕ್ಷಕಿಯು ಮುಂದಿನ ಪರೀಕ್ಷೆಯವರೆಗೆ ಪಾಠ ಮಾಡದೆ ತಮ್ಮ ಅರ್ಹತೆಯನ್ನು ಸಾಬೀತುಪಡಿಸತಕ್ಕದ್ದು.'

ಸುಕನ್ಯಾ ಬಾಯಿಗೆ ಬೀಗ ಹಾಕಿಕೊಂಡು ಕುಳಿತರು. ಗಂಟಲಿಗೆ ಹಾಯೆನಿಸಿತು. ಆದರೆ ಇಷ್ಟು ದಿನ ಆಕೆ ಕಲಿಸಿದ್ದು ಸುಮ್ಮನಿರಬೇಕಲ್ಲ? ಟೀಚರ್ ಮಾತಾಡದಿರುವುದನ್ನು ಕಂಡ ಮಕ್ಕಳು ತಾವೇ ಎದ್ದು ಬೋರ್ಡಿನ ಮೇಲೆ ಲೆಕ್ಕ ಬಿಡಿಸತೊಡಗಿದರು, ಒಬ್ಬರ ತಪ್ಪನ್ನು ಇನ್ನೊಬ್ಬರು ತಿದ್ದಿದರು. ಪರೀಕ್ಷೆಯಲ್ಲಿ ಒಬ್ಬರೂ ಫೇಲಾಗಲಿಲ್ಲ. ಮೌನವಾಗಿಯೂ ಪಾಠ ಮಾಡಿದ್ದೇಕೆಂದು ಕಾರಣ ಕೇಳಿ ನೋಟಿಸು ಬಂತು, ಗಡುವು ಇನ್ನೊಂದು ಪರೀಕ್ಷೆಯವರೆಗೆ ಮುಂದಕ್ಕೆ ಹೋಯಿತು. ಮಾತಾಡದೆ ಕಲಿಸುವವರಿಗೆ ಒಂದೇ ತರಗತಿ ಸಾಲದೆಂದು ಎರಡು ತರಗತಿಗಳ ನಡುವಿನ ಗೋಡೆ ಒಡೆಸಿ, ಎಂಟನೇ ತರಗತಿಯನ್ನೂ ಆಕೆಯ ಮುಂದೆ ತಂದು ಕೂರಿಸಿದರು.

ಎಂಟನೆಯವರು ಆಕೆಯ ಕೈಯಲ್ಲಿ ಪಳಗಿದವರಲ್ಲ. ಒಂದು ದಿನ ಅವರಲ್ಲೊಬ್ಬ ಬೋರ್ಡಿನ ಮೇಲೆ ಲೆಕ್ಕದ ನಡುವೆ ಹನ್ನೆರಡನ್ನು ಏಳರಿಂದ ಗುಣಿಸಿ ಎಂಬತ್ತೆರಡು ಎಂದು ಬರೆದ. ಒಂಬತ್ತನೆಯವರು ತಮ್ಮ ಲೆಕ್ಕದಲ್ಲಿ ಮುಳುಗಿದ್ದರು, ಎಂಟನೆಯವರಲ್ಲಿ ಯಾರೂ ತಿದ್ದಲಿಲ್ಲ. ಎಲ್ಲರೂ ಪುಸ್ತಕಕ್ಕೆ ಇಳಿಸಿಕೊಳ್ಳತೊಡಗಿದರು. ಸುಕನ್ಯಾ ತುಟಿ ಕಚ್ಚಿ ಹಿಡಿದರು. ಕುರ್ಚಿ ನೆನೆಸಿಕೊಂಡರು, ಡಾಕ್ಟರನ್ನು ನೆನೆಸಿಕೊಂಡರು. ಏನು ಮಾಡುವುದು, ಪಾಪ, ತಪ್ಪು ಲೆಕ್ಕ ನೋಡಿಕೊಂಡು ಸುಮ್ಮನಿರುವ ವಿದ್ಯೆ ಆಕೆಗೆ ಬಂದಿರಲಿಲ್ಲ.

"ಎಂಬತ್ನಾಕಲೇ!" ಎಂದು ಯಂತ್ರವನ್ನೂ ಮೀರಿಸಿ ಕೂಗಿದರು.

ಅದೇ ಕೊನೆಯ ಮಾತು. ದನಿ ಹೋಯಿತು. ಮತ್ತೆ ಬರುವುದಿಲ್ಲವೆಂದರು ಡಾಕ್ಟರು.

ರಾಜೀನಾಮೆ ಹಿಡಿದು ಆಕೆ ಹೋದಾಗ ಉಜ್ಜಿನಪ್ಪನವರು ಅದನ್ನು ಓದಲಿಲ್ಲ. ಅವರಿಗೆ ಓದುವ ಅಭ್ಯಾಸವಿಲ್ಲ. ತಮ್ಮ ತಲೆಯಲ್ಲಿದ್ದುದನ್ನೇ ಹೇಳಿದರು. "ಮಕ್ಕಳ ಆಟದ ಅಂಗಳದಾಗ ಭತ್ತ ಒಣಗ ಹಾಕೋಣಂತ ಮಾಡೀನ್ರಿ. ಏನಂತೀರಿ?"

ಸುಕನ್ಯಾ ಏನೂ ಅನ್ನಲಿಲ್ಲ.

"ಬರೋ ವರ್ಷ ಫೀಜೂ ಏರಸ್ತೀನಿ."

ಅದಕ್ಕೂ ಮಾತಿಲ್ಲ. ಉಜ್ಜಿನಪ್ಪನವರ ಕಣ್ಣು ತುಂಬಿ ಬಂತು.

"ಇಂಥಾ ಪ್ರಿನ್ಸಿಪಾಲರು ನನಗ ಎಲ್ಲೂ ಸಿಕ್ಕಿರಲಿಲ್ರಿ ಟೀಚರ್ರೇ. ಹೊನ್ನೂರುಸ್ವಾಮಿ ಭಾಳ ಒಳ್ಳೇವ, ಖರೇ. ಆದ್ರ ನಾ ಮಾತಾಡೋವಾಗ ಒಮ್ಮೊಮ್ಮೆ ಕೆಮ್ಮತಿದ್ದ."

ಆದೇಶ ಹೊರಬಿತ್ತು: 'ಸದರಿಯವರ ಪಾಠದ ಅನುಭವವು ಇನ್ನು ಮುಂದೆ ಯಾರಿಗೂ ಉಪಯೋಗಕ್ಕೆ ಬಾರದಿರುವುದರಿಂದ ಅದನ್ನು ಮನ್ನಿಸಲಾಗಿದೆ.' ಸನ್ಮಾನ ಸಭೆಯಲ್ಲಿ ಆಕೆ ಮೈಕಿನ ಮುಂದೆ ಒಂದು ಗಳಿಗೆ ನಿಂತು ಕೈಮುಗಿದು ಬಂದರು. ಇಷ್ಟು ಚೊಕ್ಕ ಭಾಷಣ ಕೇಳಿಯೇ ಇಲ್ಲವೆಂದು ಗಾದಿಗನೂರಿನ ಪೋಷಕರು ಚಪ್ಪಾಳೆ ತಟ್ಟಿದರು.

ಗಣಿತಕ್ಕೆ ಹೊಸಬರು ಬೇಕಾಗಿತ್ತು. ಬಸ್ ಸ್ಟ್ಯಾಂಡಿನಲ್ಲಿ 'ಹೊಸಪ್ಯಾಟಿ, ಹೊಸಪ್ಯಾಟಿ' ಎಂದು ಕೂಗಿ ಟೆಂಪೋ ತುಂಬಿಸುತ್ತಿದ್ದ ದುರುಗೇಶನ ಗಂಟಲು ಎಲ್ಲರಿಗೂ ಒಪ್ಪಿಗೆಯಾಯಿತು. ಮೊದಲ ದಿನವೇ ಆತನ ಮಗ್ಗಿ ಯಂತ್ರವನ್ನೂ ಅಂಗಳವನ್ನೂ ದಾಟಿ ಗಾಜಿನ ಕೋಣೆಯೊಳಕ್ಕೆ ಬಂತು.

"ಹನ್ನೆರಡೇಳ್ಲ ಎಂಬತ್ತೆರಡು!"

"ಎಂಬತ್ತೆರಡು!" ಎಂದರು ಮಕ್ಕಳು.

ಸುಕನ್ಯಾ ಕುರ್ಚಿಯಿಂದ ಅರ್ಧ ಎದ್ದು, ಕೊರಳ ನರ ಉಬ್ಬುವಂತೆ ಬಾಯಿ ತೆರೆದರು. ಅಂಗಳದಲ್ಲಿ ಭತ್ತ ಹರವಿಸುತ್ತಿದ್ದ ಉಜ್ಜಿನಪ್ಪನವರು ಗಾಜಿನಾಚೆಯಿಂದ ಅದನ್ನು ಕಂಡು, ಪಕ್ಕದಲ್ಲಿದ್ದವರಿಗೆ ತೋರಿಸಿದರು.

"ಆಕಳಿಸಾಕ ಹತ್ಯಾರ ನೋಡ್ರಿ. ಕುರ್ಚಿ ಹೊಂದಿಕೊಂತು."

ಧಾನ್ಯಲಕ್ಷ್ಮಿ ವಿದ್ಯಾಸಂಸ್ಥೆಯಲ್ಲಿ ಅಂದಿನಿಂದ ಹನ್ನೆರಡೇಳ್ಲ ಎಂಬತ್ತೆರಡು.