ಮೊಗಲಾಯಿಯ ಕೆಲವರು

ಪತ್ರಿಕೆಗೆ ಪತ್ರ ಬರೆಯುವ ಕಲೆಯಲ್ಲಿ ಸಿಂಧನೂರು ತಾಲೂಕಿನಲ್ಲಿ ನನ್ನನ್ನು ಮೀರಿಸುವವರು ಯಾರೂ ಇರಲಿಲ್ಲ. ಹಾಗೆ ಬರೆಯುತ್ತಿದ್ದವನು ನಾನೊಬ್ಬನೇ. ನಿಜಾಮರ ಕಾಲ ಅದು. ಸರಕಾರಿ ಶಾಲೆಯಲ್ಲಿ ಕನ್ನಡ ಮತ್ತು ಲೆಕ್ಕ ಕಲಿಸುವ ಮಾಸ್ತರನಾಗಿದ್ದೆ. ಅಂಚೆ ತಡವಾದರೆ ಒಂದು ಪತ್ರ, ಬಸ್ಸಿನ ಹೊಗೆ ಹೆಚ್ಚಾದರೆ ಒಂದು ಪತ್ರ, ಮಳೆ ಬಾರದಿದ್ದರೂ ಒಂದು ಪತ್ರ. ಅವುಗಳಲ್ಲೊಂದು ಅಚ್ಚೂ ಆಗಿತ್ತು. ಅದನ್ನು ಕತ್ತರಿಸಿ ಮನೆಯ ಕನ್ನಡಿಗೆ ಅಂಟಿಸಿದ್ದೆ. ಮುಖ ನೋಡಿಕೊಳ್ಳಲು ಹೋದವರಿಗೆ ಮೊದಲು ನನ್ನ ಅಭಿಪ್ರಾಯ ಕಾಣುತ್ತಿತ್ತು, ಆಮೇಲೆ ಅವರ ಮುಖ.

ಇಂಥ ನನ್ನ ಕೈಗೆ ತುಂಗಭದ್ರೆಯ ಹರಿಗೋಲಿನ ಪ್ರಕರಣ ಸಿಕ್ಕಿತು.

ಹೊಳೆಯ ಈಚೆಗೆ ನಮ್ಮ ಮೊಗಲಾಯಿ, ಅಂದರೆ ನಿಜಾಮರ ಸೀಮೆ. ಆಚೆಗೆ ಇಂಗ್ರೇಜರ ಬಳ್ಳಾರಿ ಸೀಮೆ. ಎರಡೂ ಕಡೆ ಮಾತು ಒಂದೇ, ರೊಟ್ಟಿ ಒಂದೇ, ಬೀಗತನವೂ ಇತ್ತು. ಆದರೆ ಹರಿಗೋಲಿನಿಂದ ಈಚೆಗೆ ಕಾಲಿಟ್ಟ ಕೂಡಲೇ ಕರೋಡಗಿರಿ ನಾಕಾದವರು ಗಂಟು ಬಿಚ್ಚಿಸಿ ಸುಂಕದ ಮಾಲು ಹುಡುಕುತ್ತಿದ್ದರು. ದೇಶ ಬದಲಾಯಿತೆಂದು ನಮಗೆ ತಿಳಿಯುತ್ತಿದ್ದದ್ದು ಅದೊಂದರಿಂದ.

ನನ್ನ ಮಾವ ಶರಣಪ್ಪನವರದು ಮಸ್ಕಿಯಲ್ಲಿ ಬಟ್ಟೆ ಅಂಗಡಿ. ಮಾತು ಕಡಿಮೆ. ಕಿರಿಯ ಮಗಳು ನೀಲಮ್ಮನಿಗೆ ಆಚೆ ದಡದ ಊರೊಂದರಲ್ಲಿ ಗಂಡು ಗೊತ್ತಾಗಿ, ಮಾತುಕತೆ ಮುಗಿಸಿ, ಕೊಡುಕೊಳ್ಳುವ ಕರಾರಿನ ಕಾಗದ, ಅಂದರೆ ಮದುವೆಯ ಯಾದಿ, ಬರೆಸಿಕೊಂಡು ಹರಿಗೋಲಿನಲ್ಲಿ ಹಿಂದಿರುಗುತ್ತಿದ್ದರು. ನಮ್ಮ ದಡ ಇನ್ನು ಇಪ್ಪತ್ತು ಮಾರು ಇದೆ ಎನ್ನುವಾಗ ಹರಿಗೋಲು ಮಗುಚಿತು. ಹದಿನಾಲ್ಕು ಜನ, ಮೂರು ಆಡು, ಒಂದು ಮೆಣಸಿನಕಾಯಿ ಚೀಲ, ಎಲ್ಲವೂ ನೀರಿಗೆ. ಪುಣ್ಯಕ್ಕೆ ಚೀಲವೊಂದು ಬಿಟ್ಟು ಉಳಿದವರೆಲ್ಲ ಪಾರಾದರು. ಮಾವನವರನ್ನು ಹರಿಗೋಲಿನ ಅಂಬಿಗ ಹುಲುಗಪ್ಪನೇ ಜುಟ್ಟು ಹಿಡಿದು ದಡಕ್ಕೆಳೆದನಂತೆ. ನಾಕಾದ ಜವಾನ ಅವರು ಕುಡಿದ ನೀರನ್ನೆಲ್ಲ ಕಾರಿ ಮುಗಿಸುವವರೆಗೆ ಸಮಾಧಾನದಿಂದ ಕಾದು, ಸುಂಕದ ಮಾಲೇನಾದರೂ ಇದೆಯೇ ಎಂದು ವಿಚಾರಿಸಿದನಂತೆ.

ಇಷ್ಟನ್ನು ನನಗೆ ಹೇಳಿದವರು ಸಾಲಗುಂದದ ಬಂಡಿಯವರು. ಮಾವನವರು ಮಾತ್ರ ಹರಿಗೋಲು ಎಂದರೆ ಸಾಕು, ಎದ್ದು ಒಳಗೆ ಹೋಗುತ್ತಿದ್ದರು. ಪಾಪ, ಇನ್ನೂ ಹೆದರಿಕೆ ಇಳಿದಿಲ್ಲ ಎಂದು ನಾನು ತೀರ್ಮಾನಿಸಿದೆ. ಕೇಳುವ ಗೋಜಿಗೆ ಹೋಗಲಿಲ್ಲ.

ಹತ್ತು ದಿನಕ್ಕೆ ಆಚೆ ಸೀಮೆಯ ಕನ್ನಡ ವಾರಪತ್ರಿಕೆ ಬಂತು. ಹತ್ತಿ ಅಡತಿ ಅಂಗಡಿಯ ಕಟ್ಟೆಯ ಮೇಲೆ ಅದನ್ನು ಹತ್ತು ಜನಕ್ಕೆ ಗಟ್ಟಿಯಾಗಿ ಓದಿ ಹೇಳುವುದು ನನ್ನ ಸ್ವಯಂಘೋಷಿತ ಕರ್ತವ್ಯ. ‘ಭೀಕರ ಹರಿಗೋಲು ದುರಂತ’ ಎಂಬ ತಲೆಬರಹ ಕಂಡು ಗಂಟಲು ಸರಿಮಾಡಿಕೊಂಡೆ. ಆಚೆ ದಡದ ಒಂಬತ್ತು ಜನರ ಹೆಸರು, ತಂದೆಯ ಹೆಸರು, ಉದ್ಯೋಗ, ಅವರವರ ಧೈರ್ಯ ಎಲ್ಲ ವಿವರವಾಗಿ ಬಂದಿತ್ತು. ನಂತರ ಹೀಗಿತ್ತು: ‘ನಮ್ಮ ಸೀಮೆಯ ಎರಡು ಉತ್ತಮ ಆಡುಗಳು, ಒಂದು ಕಪ್ಪು, ಒಂದು ಕಂದು, ಕ್ಷೇಮವಾಗಿ ದಡ ಸೇರಿದವು. ಹರಿಗೋಲಿನಲ್ಲಿ ಮೊಗಲಾಯಿಯ ಕೆಲವರೂ ಇದ್ದರೆಂದು ತಿಳಿದುಬಂದಿದೆ. ಅವರಲ್ಲೊಬ್ಬನು ಎದ್ದು ನಿಂತದ್ದೇ ಅನಾಹುತಕ್ಕೆ ಕಾರಣವಂತೆ.’

ಜವಳಗೇರಿಯಿಂದ ಹತ್ತಿ ತಂದಿದ್ದ ರೈತನೊಬ್ಬ, ನಾವು ಆಡಿಗಿಂತ ಕಡೆಯಾದೆವೇ ಎಂದು ಕೇಳಿದ. ಕಡೆ ಅಲ್ಲ, ಆಡಿನ ನಂತರ ಎಂದು ನಾನು ತಿದ್ದಿದೆ. ಅದರಿಂದ ಯಾರಿಗೂ ಸಮಾಧಾನವಾಗಲಿಲ್ಲ.

ಮನೆಗೆ ಬಂದು ಹೆಂಡತಿ ಗಂಗಮ್ಮನಿಗೆ ಹೇಳಿದೆ. ಅವಳು ರೊಟ್ಟಿ ತಟ್ಟುತ್ತಿದ್ದಳು.

“ಅಪ್ಪನ ಹೆಸರು ಬಂದೈತೇನ್ರಿ?”

“ಇಲ್ಲ. ‘ಕೆಲವರು’ ಅಂತ ಬರದಾರ.”

“ಆಡಿಂದು?”

“ಹೆಸರಿಲ್ಲ. ಬಣ್ಣ ಬಂದೈತಿ.”

ಅವಳ ಕೈ ನಿಂತಿತು. “ಮತ್ತ ನೀವು ಇಷ್ಟ ವರ್ಷ ಕಾಗದ ಬರದು ಏನ್ ಮಾಡಿದ್ರಿ?”

ಅದು ಪ್ರಶ್ನೆಯಲ್ಲ, ಆಜ್ಞೆ. ಅಂದೇ ಕುಳಿತು ನಾಲ್ಕು ಪುಟ ಬರೆದೆ. ‘ಪತ್ರಿಕಾಧರ್ಮವು ಹೊಳೆಯ ಒಂದೇ ದಡದಲ್ಲಿ ಹುಟ್ಟಿ ಅಲ್ಲಿಯೇ ಮರಣ ಹೊಂದತಕ್ಕದ್ದೋ?’ ಎಂದು ಆರಂಭಿಸಿದೆ. ಮೊಗಲಾಯಿಯ ಪ್ರಜೆಗಳಿಗೂ ಹೆಸರುಗಳಿರುತ್ತವೆ ಎಂಬುದನ್ನು ಸಂಪಾದಕರ ಗಮನಕ್ಕೆ ತಂದೆ. ವರದಿಗಾರನ ಅಜಾಗರೂಕತೆಗೆ ಸಾಕ್ಷಿಯಾಗಿ, ಆಡುಗಳು ಎರಡಲ್ಲ, ಮೂರು ಎಂದು ಮೂರನೆಯ ಪುಟದ ಅಂಚಿನಲ್ಲಿ ಸಣ್ಣಗೆ ಸೂಚಿಸಿದೆ.

ಎರಡು ವಾರದ ಮೇಲೆ ಪತ್ರಿಕೆಯ ಕೊನೆಯ ಪುಟದಲ್ಲಿ ನನ್ನ ನಾಲ್ಕು ಪುಟಗಳ ಸಾರಾಂಶ ಪ್ರಕಟವಾಯಿತು: ‘ತಿದ್ದುಪಡಿ. ಹರಿಗೋಲು ದುರಂತದಲ್ಲಿ ಪಾರಾದ ಆಡುಗಳು ಮೂರು ಎಂದು ಸಿಂಧನೂರಿನ ಓದುಗರೊಬ್ಬರು ತಿಳಿಸಿದ್ದಾರೆ. ಮೂರನೆಯದರ ಬಣ್ಣ ತಿಳಿದುಬಂದಿಲ್ಲ.’

ಕಟ್ಟೆಯ ಮೇಲೆ ಆ ಪುಟವನ್ನು ಮಡಚಿಡಲು ನೋಡಿದೆ. ಅಡತಿಯ ಗುಮಾಸ್ತ ಹೆಗಲ ಮೇಲಿಂದ ಬಗ್ಗಿ ಓದಿಬಿಟ್ಟ. ಅಂದಿನಿಂದ ಊರಿನಲ್ಲಿ ಕೆಲವರು ನನ್ನನ್ನು ಕಂಡಾಗ ಮೂರನೆಯದರ ಬಣ್ಣ ಕೇಳತೊಡಗಿದರು.

ಇದು ಇನ್ನು ನನ್ನ ಮಾನದ ಪ್ರಶ್ನೆ, ಅಷ್ಟೇ ಅಲ್ಲ, ಸೀಮೆಯ ಮಾನದ ಪ್ರಶ್ನೆ ಎನಿಸಿತು. ಆಚೆಯವರು ಆಚೆಯವರ ಪತ್ರಿಕೆಯಲ್ಲಿ ಬರೆದರೆ, ಈಚೆಯವರಿಗೂ ಹೈದರಾಬಾದಿನ ಉರ್ದು ಪತ್ರಿಕೆ ಇದೆ. ನನ್ನ ಉರ್ದು ರಜೆಯ ಅರ್ಜಿಗೆ ಸಾಕಾಗುವಷ್ಟು ಮಾತ್ರ. ಆದ್ದರಿಂದ ಲಿಂಗಸುಗೂರಿನ ಕಚೇರಿಯಲ್ಲಿ ಮುನಶಿಯಾಗಿದ್ದ ನನ್ನ ಗೆಳೆಯ ಖಾದರ್ ಸಾಹೇಬರ ಬಳಿಗೆ ಬಸ್ಸು ಹತ್ತಿದೆ. ದಾರಿಯಲ್ಲಿ ಬಸ್ಸು ಮಸ್ಕಿಯಲ್ಲಿ ಅರ್ಧ ತಾಸು ನಿಂತಿತು. ಮಾವನವರ ಅಂಗಡಿ ಕೂಗಳತೆಯಲ್ಲಿತ್ತು. ನಾನು ಇಳಿದು, ಚಹ ಕುಡಿದು, ಮತ್ತೆ ಹತ್ತಿದೆ.

ಖಾದರ್ ಸಾಹೇಬರು ಲೇಖನಿ ಅದ್ದಿ, ಬರೆಯುವ ಮೊದಲು ಒಂದೆರಡು ಮಾತು ಕೇಳಿದರು.

“ಮಾಸ್ತರ್ ಸಾಬ್, ನೀವು ಕಣ್ಣಾರೆ ನೋಡೀರೇನು?”

“ನಾ ಇಲ್ಲ. ನಮ್ಮ ಮಾವ ಹರಿಗೋಲದಾಗ ಇದ್ರು.”

“ಅವರು ಏನಂತಾರ?”

“ಅವರು ಏನೂ ಅನ್ನಂಗಿಲ್ಲ.”

“ಹಂಗಾದ್ರ ಛಲೋ ಆತು,” ಎಂದರು ಖಾದರ್ ಸಾಹೇಬರು. “ಬರೆಯಾಕ ಜಾಗ ಐತಿ.”

ಆ ಜಾಗವನ್ನು ನಾವಿಬ್ಬರೂ ಧಾರಾಳವಾಗಿ ತುಂಬಿದೆವು. ಅಂಬಿಗ ಆಚೆ ದಡದವನು, ಆದ್ದರಿಂದ ತೂಕಡಿಸುತ್ತಿದ್ದ ಎಂದು ನಾನು ಹೇಳಿದೆ. ಹರಿಗೋಲಿನ ಚರ್ಮ ಹಳೆಯದಾಗಿತ್ತೆಂದೂ, ಆಚೆಯವರು ಮಿತಿಮೀರಿ ಹತ್ತಿದ್ದರೆಂದೂ ಸೇರಿಸಿದೆ. ಇಂಥ ಸಂಕಟದಲ್ಲಿ ಮಸ್ಕಿಯ ಶರಣಪ್ಪನವರು ತಮ್ಮ ಪ್ರಾಣದ ಹಂಗು ತೊರೆದು ಮೂವರನ್ನು ಕಾಪಾಡಿದರು ಎಂದೆ. ಮಾವನವರಿಗೆ ಈಜು ಬಾರದು. ಆದರೆ ಅದು ಪತ್ರದಲ್ಲಿ ಬರುವ ಅಗತ್ಯ ಕಾಣಲಿಲ್ಲ. ಉರ್ದುವಿನ ವಾಕ್ಯಕ್ಕೆ ಮೂವರು ಸಾಲುವುದಿಲ್ಲ, ನಡುವೆ ಬರಿದಾಗಿ ಕೇಳಿಸುತ್ತದೆ ಎಂದು ಖಾದರ್ ಸಾಹೇಬರು ಏಳು ಮಾಡಿದರು.

ಪತ್ರ ಒಂದಕ್ಷರ ಬಿಡದೆ ಅಚ್ಚಾಯಿತು. ತಲೆಬರಹ ‘ಮಸ್ಕಿಯ ಸಿಂಹ’. ಕಟ್ಟೆಯ ಮೇಲೆ ಅದನ್ನು ಮೂರು ದಿನ ಮೂರು ಸಲ ಓದಿ ಕನ್ನಡದಲ್ಲಿ ಹೇಳಿದೆ. ಹೆಂಡತಿ ತುಪ್ಪವನ್ನು ಕೇಳದೆಯೇ ಬಡಿಸಿದಳು. ಪತ್ರಿಕಾಧರ್ಮ ಈಗ ಎರಡೂ ದಡ ಮುಟ್ಟಿತೆಂದು ನಾನು ಹಿಗ್ಗಿದೆ.

ಹೀಗಿರಲಾಗಿ ಮಸ್ಕಿಯಿಂದ ಹೇಳಿಕೆ ಬಂತು: ಅಳಿಯಂದಿರು ಕೂಡಲೇ ಬರಬೇಕು. ಸನ್ಮಾನವೇ ಇರಬೇಕೆಂದು ಜರಿಯ ರುಮಾಲು ಸುತ್ತಿಕೊಂಡು, ಗಂಗಮ್ಮನನ್ನೂ ಕರೆದುಕೊಂಡು ಹೋದೆ.

ಅಂಗಡಿಯ ಗೂಟದಲ್ಲಿ ಬಾಡಿದ ಮಾಲೆಗಳು ತೂಗುತ್ತಿದ್ದವು. ಆ ವಾರದಲ್ಲಿ ಅರ್ಧ ಊರು ಬಂದು ಮಾವನವರಿಗೆ ಮಾಲೆ ಹಾಕಿ ಹೋಗಿತ್ತಂತೆ. ಇಬ್ಬರು ಈಜು ಕಲಿಸಿರೆಂದೂ ಕೇಳಿದ್ದರಂತೆ. ಇದನ್ನೆಲ್ಲ ಅತ್ತೆ ತಗ್ಗಿದ ದನಿಯಲ್ಲಿ ಹೇಳಿದರು. ನೀಲಮ್ಮ ನನ್ನನ್ನು ಕಂಡವಳೇ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಪಡಸಾಲೆಯಲ್ಲಿ ಅಪರಿಚಿತನೊಬ್ಬ ಕುಳಿತು ರೊಟ್ಟಿ ತಿನ್ನುತ್ತಿದ್ದ. ಮಾವನವರು ಅವನ ತಾಟಿಗೆ ಪಲ್ಯ ಹಾಕುತ್ತ, ತಲೆ ಎತ್ತದೆಯೇ, ಇವನೇ ಹುಲುಗಪ್ಪ ಎಂದರು.

ಹುಲುಗಪ್ಪ ಕೈ ತೊಳೆದುಕೊಂಡು ಬಂದ. ಅವನಿಗೆ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

“ಅಖಬಾರದಾಗ ನಾ ತೂಕಡಿಸಿದ್ನಿ ಅಂತ ಬಂದೈತಂತ್ರಿ. ನಾಕಾದವರು ಹರಿಗೋಲ ಈಚಿ ದಂಡಿಗಿ ಹಚ್ಚಗೊಡವಲ್ರು. ಪೊಲೀಸ ಅಮೀನ ಬಂದು ವಿಚಾರಣಿ ಮಾಡೂತನ ಬಂದ್ ಅಂತ. ಮಾಸ್ತರ, ತೂಕಡಿಸೋ ಮನಷಾ ನಿಮ್ಮ ಮಾವನ ಜುಟ್ಟ ಹೆಂಗ ಹಿಡೀತಾನ್ರಿ?”

ಆಚೆಯ ಪತ್ರಿಕೆ ಮೊಗಲಾಯಿಯವರ ಮೇಲೆ ತಪ್ಪು ಹೊರಿಸಿತ್ತಲ್ಲ, ಅದಕ್ಕೆ ಪ್ರತಿಯಾಗಿ ಎಂದು ತೊದಲಿದೆ. ಮಾವನವರು ಕೈಯೆತ್ತಿ ತಡೆದರು.

“ಎದ್ದು ನಿಂತಾಂವ ನಾನ,” ಎಂದರು.

ನಡೆದದ್ದು ಇಷ್ಟು. ಮಾವನವರ ಹಿಂದೆ ನಿಂತಿದ್ದ ಆಡು ಅವರ ಶಲ್ಯದ ಮಡಿಕೆಯಿಂದ ಮದುವೆಯ ಯಾದಿಯನ್ನು ಎಳೆದು ತಿನ್ನತೊಡಗಿತ್ತು. ಅರ್ಧ ಹೋದ ಮೇಲೆ ಅವರಿಗೆ ಗೊತ್ತಾಯಿತು. ಉಳಿದರ್ಧವನ್ನು ಬಿಡಿಸಿಕೊಳ್ಳಲು ಎದ್ದರು. ಹರಿಗೋಲು ವಾಲಿತು.

“ಆ ಪತ್ರಿಕ್ಯಾಂವ ‘ಕೆಲವರು’ ಅಂತ ಬರದು ನನ್ನ ಮಾನ ಉಳಿಸಿದ್ದ,” ಎಂದರು ಮಾವನವರು. “ನೀವು ಹೆಸರ ಹಾಕಿಸಿ ಕಳದ್ರಿ.”

ಮದುವೆಯಾದ ಏಳು ವರ್ಷಗಳಲ್ಲಿ ಅವರು ನನ್ನೊಡನೆ ಆಡಿದ ಅತಿ ಉದ್ದದ ಮಾತು ಅದು. ಪಕ್ಕದಲ್ಲಿ ಗಂಗಮ್ಮ ನೆಲ ನೋಡುತ್ತಿದ್ದಳು. ಸೀಮೆಯ ಅಭಿಮಾನದಿಂದ ನಾನು ಬರೆದದ್ದು ಪೂರ್ತಿ ಸುಳ್ಳು, ಪಕ್ಷಪಾತದಿಂದ ಅವರು ಬರೆದದ್ದು ನಿಜ. ಇದನ್ನು ಅರಗಿಸಿಕೊಳ್ಳುವಷ್ಟರಲ್ಲಿ ಹುಲುಗಪ್ಪ ಉಳಿದದ್ದನ್ನೂ ಹೇಳಿದ. ಗಂಡಿನ ಊರು ಅವನ ಊರೇ. ಉರ್ದು ಪತ್ರಿಕೆಯ ಸುದ್ದಿ ಅಲ್ಲಿಗೂ ಮುಟ್ಟಿದೆ. ಗಂಡಿನ ಅಕ್ಕ ಅಂದು ಅದೇ ಹರಿಗೋಲಿನಲ್ಲಿದ್ದಳು. ನಮ್ಮೂರವರೆಲ್ಲ ತೂಕಡಿಸುವವರು, ಮಿತಿಮೀರಿ ಹತ್ತುವವರು ಎಂದ ಮೇಲೆ ನಮ್ಮೂರಿಗೆ ಹೆಣ್ಣು ಯಾಕೆ ಕೊಡುತ್ತೀರಿ ಎಂದು ಗಂಡಿನ ತಂದೆ ಹೇಳಿ ಕಳಿಸಿದ್ದಾರೆ.

ಒಳಕೋಣೆಯ ಬಾಗಿಲು ಯಾಕೆ ಮುಚ್ಚಿತ್ತೆಂದು ಆಗ ತಿಳಿಯಿತು. ನಗುವ ವಿಷಯ ಅಲ್ಲಿಗೆ ಮುಗಿಯಿತು. ಒಬ್ಬನ ಹೊಟ್ಟೆಪಾಡು, ಒಬ್ಬಳ ಮದುವೆ, ಎರಡನ್ನೂ ನಾನು ಒಂದೇ ಪತ್ರದಲ್ಲಿ ಮುಳುಗಿಸಿದ್ದೆ. ಹೊಳೆಗೆ ಅದು ಸಾಧ್ಯವಾಗಿರಲಿಲ್ಲ.

ವಿಚಾರಣೆಯ ದಿನ ಹೊಳೆಯ ದಂಡೆಗೆ ನಾವೆಲ್ಲ ಹೋದೆವು. ಅಮೀನರು ನಾಕಾದ ಚಪ್ಪರದಡಿ ಕುರ್ಚಿ ಹಾಕಿಸಿಕೊಂಡು ಮೊದಲು ನನ್ನನ್ನೇ ಕರೆದರು. ಹರಿಗೋಲು ಮುಳುಗುವ ಹೊತ್ತಿಗೆ ನೀವೆಲ್ಲಿದ್ದಿರಿ ಎಂದರು. ಶಾಲೆಯಲ್ಲಿ ಏಳರ ಮಗ್ಗಿ ಹೇಳಿಸುತ್ತಿದ್ದೆ ಎಂದೆ. ಅಲ್ಲಿಂದ ಹೊಳೆ ಕಾಣುತ್ತದೆಯೇ ಎಂದರು. ಅಲ್ಲಿಂದ ತಹಸೀಲು ಕಚೇರಿಯ ಹಿಂಗೋಡೆ ಕಾಣುತ್ತದೆ ಎಂದೆ. ಅವರು ಅದನ್ನೇ ಬರೆದುಕೊಂಡು ನನ್ನ ದಸ್ತಖತ್ತು ತೆಗೆದುಕೊಂಡರು. ಮಾವನವರು ನಿಂತು, ಎದ್ದವನು ನಾನು, ಉಳಿಸಿದವನು ಅವನು ಎಂದು ಎರಡೇ ಮಾತು ಹೇಳಿ ಕುಳಿತರು. ಸಿಂಹಕ್ಕೆ ಈಜು ಬರುತ್ತದೆಯೇ ಎಂದು ಅಮೀನರು ಕೇಳಿದರು. ಮಾವನವರು ಇಲ್ಲವೆಂದರು. ಅಂದೇ ಹುಲುಗಪ್ಪನ ಹರಿಗೋಲಿಗೆ ಅಪ್ಪಣೆ ಸಿಕ್ಕಿತು.

ಗಂಡಿನ ಮನೆಗೆ ಹೋಗಿ ತಪ್ಪೊಪ್ಪಿಕೊಳ್ಳುವುದು ಬಾಕಿ ಇತ್ತು. ಅದಕ್ಕೆ ಮಾವನವರ, ಗಂಗಮ್ಮನ ಜೊತೆ ಅದೇ ಹರಿಗೋಲು ಹತ್ತಬೇಕು. ಹತ್ತಿದೆ. ನನಗೂ ಈಜು ಬಾರದು. ನಡುಹೊಳೆಯಲ್ಲಿ ಹುಲುಗಪ್ಪ ಹುಟ್ಟು ಹಾಕುತ್ತಲೇ, ಅಖಬಾರಕ್ಕೆ ಬರೆದ ಮಾಸ್ತರರು ಇವರೇ ಎಂದು ಎಲ್ಲರಿಗೂ ಪರಿಚಯ ಮಾಡಿಸಿದ. ಆಚೆ ದಡ ಮುಟ್ಟುವವರೆಗೆ ಹರಿಗೋಲಿನಲ್ಲಿದ್ದ ಪ್ರತಿಯೊಬ್ಬರೂ ಅಂದು ನಡೆದದ್ದನ್ನು ನನಗೆ ವಿವರವಾಗಿ ಹೇಳಿದರು. ನಾನು ಅಂಚು ಹಿಡಿದುಕೊಂಡು ಎಲ್ಲವನ್ನೂ ಒಪ್ಪಿಕೊಂಡೆ.

ಗಂಡಿನ ತಂದೆ ನನ್ನ ಕ್ಷಮಾಪಣೆಯನ್ನು ಮುಖ ತಿರುಗಿಸಿಯೇ ಕೇಳಿದರು. ಮಾವನವರು ಇಲ್ಲಿಯೂ ನಿಂತು, ತಪ್ಪು ನನ್ನದು ಎಂದರು. ಆಗ ಗಂಡಿನ ಅಕ್ಕ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು.

“ಎದ್ದಾಕಿ ನಾನೂ ಹೌದು. ಆಡು ನಂದು. ನಾ ಹಗ್ಗ ಜಗ್ಗಿದ್ನಿ, ಅವರು ಕಾಗದ ಜಗ್ಗಿದ್ರು. ನಮ್ಮ ಪತ್ರಿಕ್ಯಾಗ ನಾ ಎದ್ದದ್ದೊಂದು ಬಿಟ್ಟಾರ.”

ಅವಳ ಅಪ್ಪ ಅವಳನ್ನೇ ನೋಡಿದರು. ಮಾವನವರು ಮೊದಲು ನಕ್ಕರು, ಆಮೇಲೆ ಗಂಡಿನ ತಂದೆ, ಕೊನೆಗೆ ಮನೆಯವರೆಲ್ಲ. ನಾನೊಬ್ಬ ನಗಲಿಲ್ಲ. ಹಾಗಾದರೆ ಆ ಪತ್ರಿಕೆ ಪಕ್ಷಪಾತ ಮಾಡಿದ್ದು ನಿಜವೇ ಆಯಿತಲ್ಲ, ಮೊದಲಿನಿಂದಲೂ ನಾನು ಹೇಳಿದ್ದು ಅದನ್ನೇ ಅಲ್ಲವೇ ಎಂಬ ವಿಚಾರ ಮಿಂಚಿತು. ಕೈ ತಾನಾಗಿ ಜೇಬಿನ ಪೆನ್ಸಿಲ್ಲಿನ ಕಡೆಗೆ ಹೋಯಿತು. ಗಂಗಮ್ಮ ಮಣಿಕಟ್ಟು ಹಿಡಿದಳು. ಆ ಹಿಡಿತ ಹುಲುಗಪ್ಪನದಕ್ಕೆ ಏನೂ ಕಡಿಮೆ ಇರಲಿಲ್ಲ.

ಯಾದಿಯನ್ನು ಹೊಸದಾಗಿ ಬರೆಸಿದರು. ಅದರ ಕೊನೆಗೆ ಗಂಡಿನ ತಂದೆ ತಮ್ಮ ಕಡೆಯಿಂದ ಒಂದು ಶರತ್ತು ಸೇರಿಸಿದರು: ಮದುವೆಯ ದಿನ ಹಿರಿಯ ಅಳಿಯಂದಿರ ಕೈಯಲ್ಲಿ ಕಾಗದವಾಗಲಿ ಪೆನ್ಸಿಲ್ಲಾಗಲಿ ಇರಕೂಡದು. ಎರಡೂ ಸೀಮೆಯವರು ಒಂದೇ ದನಿಯಲ್ಲಿ ಒಪ್ಪಿದ ಶರತ್ತು ಅದೊಂದೇ.

ಮದುವೆ ಮಸ್ಕಿಯಲ್ಲಿ ಚೆನ್ನಾಗಿ ಆಯಿತು. ಬರೆಯುವ ಕೆಲಸವಿಲ್ಲದ ನನಗೆ ಚಪ್ಪರದ ಬಾಗಿಲಲ್ಲಿ ಚಪ್ಪಲಿ ಕಾಯುವ ಕೆಲಸ ಕೊಟ್ಟಿದ್ದರು. ಆಚೆಯವರ ಜೋಡು ಎಡಕ್ಕೆ, ಈಚೆಯವರ ಜೋಡು ಬಲಕ್ಕೆ. ಕಣ್ಣು ಮಿಟುಕಿಸದೆ ಕಾದೆ. ಊಟ ಮುಗಿದು ಜನ ಹೊರಡುವಾಗ, ಯಾರದೋ ಹೊಸ ಚಪ್ಪಲಿ ಕಾಣೆಯಾಗಿದೆಯಂತೆ, ಯಾವ ಕಡೆಯವರು ಒಯ್ದರು ಎಂದು ಗದ್ದಲವೆದ್ದಿತು. ಈ ಸಲ ಕಣ್ಣಾರೆ ನೋಡಿದವನು ನಾನು, ಎರಡೂ ಕಡೆಯವರದು ಲೆಕ್ಕಕ್ಕೆ ಸರಿಯಾಗಿದೆ ಎಂದು ಗಟ್ಟಿಯಾಗಿ ಹೇಳಿದೆ.

ಸರಿಯಾಗಿಯೇ ಇತ್ತು. ಹೋಗಿದ್ದದ್ದು ನನ್ನ ಚಪ್ಪಲಿ.