ಗುಂಡಿಯ ಸುತ್ತ ಕಟ್ಟಿದ ಹಳದಿ ಟೇಪು

ನಮ್ಮ ಬೀದಿಯ ನೆಲದಡಿ ವಾಸವಾಗಿರುವ ವಿದ್ಯುತ್ ಕೇಬಲ್‌ ಅವರ ಸನ್ನಿಧಿಗೆ,

ಮಾನ್ಯರೇ,

ಹಗಲಿರುಳು ಮಣ್ಣಿನಡಿ ಮಲಗಿಯೇ ಇಡೀ ಬೀದಿಯ ಫ್ಯಾನುಗಳನ್ನು ತಿರುಗಿಸುತ್ತಿರುವ ತಮಗೆ ದೂರದಿಂದಲೇ ಕೈಮುಗಿಯುತ್ತೇನೆ. ಪಾದ ಮುಟ್ಟಿ ನಮಸ್ಕರಿಸದಿರುವುದಕ್ಕೆ ಕ್ಷಮೆಯಿರಲಿ.

ಕೊಳಾಯಿ ಕೆಲಸದ ನನ್ನ ಮೈದುನ ನಿನ್ನೆ ಮನೆಯೆದುರು ನೀರಿನ ಪೈಪಿಗಾಗಿ ಅಗೆಯುತ್ತಿದ್ದಾಗ, ಒಂದು ಮೊಳ ಆಳದಲ್ಲಿ ಹಳದಿ ಪ್ಲಾಸ್ಟಿಕ್ ಟೇಪು ಸಿಕ್ಕಿತು. ಅದರ ಮೇಲೆ ಅಚ್ಚಾಗಿದ್ದದ್ದು 'ಎಚ್ಚರಿಕೆ, ಕೆಳಗೆ ವಿದ್ಯುತ್ ಕೇಬಲ್' ಎಂದು. ಕೆಸರು ಮೆತ್ತಿ, ಕಾಣುತ್ತಿದ್ದದ್ದು ಮೊದಲ ಪದ ಮಾತ್ರ. "ಒಳ್ಳೇದೇ ಆಯ್ತು ಅತ್ತಿಗೆ, ಗುಂಡಿ ಸುತ್ತ ಕಟ್ಟಿಬಿಡ್ತೀನಿ, ಯಾರೂ ಬೀಳಲ್ಲ" ಎಂದು ಅದನ್ನು ಕಿತ್ತು, ಗೂಟಗಳಿಗೆ ಅಚ್ಚುಕಟ್ಟಾಗಿ ಬಿಗಿದ. ಹೀಗೆ ಊರಿನವರ ಸುರಕ್ಷತೆಗೆ ಏರ್ಪಾಡು ಮಾಡಿ, ತಾನು ಒಳಗಿಳಿದು ತಮ್ಮ ಮೇಲೆ ಪಿಕಾಸಿ ಬೀಸಿದ.

ಅನಂತರ ತಾವು ತೋರಿದ ಸಂಯಮವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಒಂದೇ ಮಿಂಚು, ಒಂದೇ ಸದ್ದು. ಪಿಕಾಸಿಯ ಮೊನೆ ಕರಗಿತು. ಹಿಡಿ ಒಣಮರದ್ದಾದ್ದರಿಂದ ಮೈದುನ ಉಳಿದ, ಹುಬ್ಬುಗಳು ಉಳಿಯಲಿಲ್ಲ. ಅವನಿಗೆ ಸಿಟ್ಟು ಬಂದಿದೆಯೋ ಆಶ್ಚರ್ಯವಾಗಿದೆಯೋ ಮುಖ ನೋಡಿ ಹೇಳಲಾಗದೆ ಅವನ ಹೆಂಡತಿ ಪೇಚಾಡುತ್ತಿದ್ದಾಳೆ.

ದುರಸ್ತಿಯವರು ಬಂದು ತಮ್ಮ ಗಾಯಕ್ಕೆ ಪಟ್ಟಿ ಸುತ್ತಿ ಹೋದರು. ಪೈಪು ಮಾತ್ರ ಅರ್ಧಕ್ಕೇ ನಿಂತಿದೆ. ಮೈದುನ ಮತ್ತೆ ಗುಂಡಿಗಿಳಿಯಬೇಕು. ಅಷ್ಟು ಹೊತ್ತು ಕರೆಂಟು ತೆಗೆಯಿರಿ ಎಂದು ವಿದ್ಯುತ್ ಕಚೇರಿಗೆ ಹೋಗಿ ಬೇಡಿಕೊಂಡೆ. ಅಧಿಕಾರಿಗಳು ನಕ್ಷೆ ಬಿಡಿಸಿ, ಬೆರಳಾಡಿಸಿ, "ನಿಮ್ಮ ಬೀದಿಲಿ ಕೇಬಲ್ಲೇ ಇಲ್ವಲ್ಲಮ್ಮ, ಇಲ್ಲದ್ದನ್ನ ಹೇಗೆ ಆಫ್ ಮಾಡೋದು?" ಎಂದರು. ಕರಗಿದ ಪಿಕಾಸಿಯನ್ನು ಮೇಜಿನ ಮೇಲಿಟ್ಟೆ. ಅದು ನಕ್ಷೆಯಲ್ಲಿ ಇರಲಿಲ್ಲವಾದ್ದರಿಂದ ಅವರು ಅದನ್ನೂ ನೋಡಲಿಲ್ಲ.

ಆದ್ದರಿಂದ ನೇರವಾಗಿ ತಮ್ಮಲ್ಲೇ ಅರಿಕೆ: ಕಚೇರಿಯ ಮಾತಿಗೆ ಬೆಲೆ ಕೊಟ್ಟು, ಮೈದುನ ಗುಂಡಿಯಲ್ಲಿರುವಷ್ಟು ಹೊತ್ತು ತಾವು ದಯಮಾಡಿ ಇಲ್ಲದಿರಬೇಕು. ಅದಾಗದಿದ್ದರೆ, ಪಿಕಾಸಿ ಹತ್ತಿರ ಬಂದಾಗ ಒಮ್ಮೆ ಕೆಮ್ಮಿದರೂ ಸಾಕು.

ತಮ್ಮಿಂದ ಸದಾ ಒಂದು ಮಾರು ದೂರವಿರುವ ವಿಶ್ವಾಸಿ,
ಗುಂಡಿಯೆದುರಿನ ಮನೆಯವಳು

ಮರೆತ ಮಾತು: ಇಲ್ಲದ ಕೇಬಲ್ಲಿಗೆ ಹೆದರುವ ಕಾರಣವಿಲ್ಲವಾದ್ದರಿಂದ, ನಾಳೆ ಪಿಕಾಸಿಯ ಮೊದಲ ಏಟನ್ನು ಆ ಅಧಿಕಾರಿಗಳೇ ಅಮೃತಹಸ್ತದಿಂದ ಹಾಕಿಕೊಡಬೇಕೆಂದು ಅವರಿಗೆ ಫೋನಿನಲ್ಲಿ ಆಹ್ವಾನ ಕೊಟ್ಟೆ. ಬರುತ್ತೇನೆಂದರು. ಫೋನಿಟ್ಟು ಈ ಪತ್ರ ಮಡಚುವಷ್ಟರಲ್ಲಿ ಬೀದಿಯ ಫ್ಯಾನುಗಳೆಲ್ಲ ನಿಂತಿವೆ.